ನಾಲಿಗೆ ಮೇಲಿನ ಬೋರ್ಡಿಗೆ ಯಾರು ಮಸಿ ಬಳಿಯುತ್ತೀರಿ?



ವೇದಿಕೆ ಹತ್ತಿದ ಕನ್ನಡದವನು ಏನು ಮಾತಾಡುತ್ತಾನೆ ಅನ್ನುವುದು ನಿಮಗೆಲ್ಲ ಬಾಯಿಪಾಠವಾಗಿದೆ. ಅಂಗಡಿ ಬೋರ್ಡು, ಬ್ಯಾಂಕಿನ ಚಲನ್ನು, ರೈಲ್ವೆ ಪರೀಕ್ಷೆ, ಗಡಿ, ನದಿ, ಆಮೇಲೆ ೧೯೮೨ರ ಗೋಕಾಕ್ ಚಳವಳಿಗೆ ಡಾ. ರಾಜ್‌ಕುಮಾರ್ ಧುಮುಕಿದ ಕಥೆ. ಅವೆಲ್ಲ ಹೇಳಲೇಬೇಕಾದ ಮಾತುಗಳು, ಬೇರೆಯವರು ಹೇಳುತ್ತಾರೆ. ನಾನು ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡುತ್ತೇನೆ. ಆ ಪದ ‘ಅನ್‌ಕಂಫರ್ಟಬಲ್’.

ನಗಬೇಡಿ. ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯುವುದು ಸುಲಭದ ಕೆಲಸ. ಒಂದು ಏಣಿ, ಒಂದು ಡಬ್ಬಿ, ನಾಲ್ಕು ಜನ ಹುಡುಗರು ಸಾಕು. ನಮ್ಮದೇ ನಾಲಿಗೆಯ ಮೇಲೆ ತೂಗುಹಾಕಿಕೊಂಡ ಬೋರ್ಡಿಗೆ ಯಾರು ಮಸಿ ಬಳಿಯುತ್ತಾರೆ? ಬಳಿದರೆ ನಮ್ಮ ಬಾಯೇ ಕಪ್ಪಾಗುತ್ತದೆ.

ನಾಳೆ ಒಂದು ದಿನ ಕಿವಿ ತೆರೆದಿಟ್ಟುಕೊಂಡು ಓಡಾಡಿ. ಹೊಸ ಚಪ್ಪಲಿ ಕಾಲು ಕಚ್ಚಿದರೆ ‘ಅನ್‌ಕಂಫರ್ಟಬಲ್’. ರಾತ್ರಿ ತಿಂದ ಬಿರಿಯಾನಿ ಅರಗದಿದ್ದರೆ ‘ಅನ್‌ಕಂಫರ್ಟಬಲ್’. ಬಸ್ಸಿನ ಸೀಟಿನ ಸ್ಪ್ರಿಂಗು ಒತ್ತಿದರೂ ಅದೇ. ಸೋದರತ್ತೆ ಮದುವೆಮನೆಯಲ್ಲಿ ಎಲ್ಲರೆದುರು “ಸಂಬಳ ಎಷ್ಟಪ್ಪಾ?” ಅಂತ ಕೇಳಿದರೂ ಅದೇ. ಸಾಲ ತಗೊಂಡ ಸ್ನೇಹಿತ ಎದುರು ಸಿಕ್ಕರೂ ಅದೇ. ಕಚೇರಿಯಲ್ಲಿ ಮೇಲಧಿಕಾರಿ ಬೇಕಂತಲೇ ಹೆಗಲ ಮೇಲೆ ಕೈಯಿಟ್ಟರೂ, ಅದೇ ಅದೇ ಅದೇ! ಚಪ್ಪಲಿಗೂ ಬಿರಿಯಾನಿಗೂ ಸೋದರತ್ತೆಗೂ ಲಂಪಟ ಅಧಿಕಾರಿಗೂ ಒಂದೇ ಮಾತು. ಇದು ಬೆಂಗಳೂರಿನ ರೋಗ ಮಾತ್ರ ಅಂತ ತಿಳಿಯಬೇಡಿ. ಮೈಸೂರಿನಲ್ಲೂ ಕೇಳುತ್ತದೆ, ಹುಬ್ಬಳ್ಳಿಯಲ್ಲೂ ಕೇಳುತ್ತದೆ, ತಾಲ್ಲೂಕು ಕೇಂದ್ರದ ಕಾಲೇಜಿನ ಅಂಗಳದಲ್ಲೂ ಕೇಳುತ್ತದೆ.

ಬಾಡಿಗೆಗೆ ಬಂದವನು ಯಜಮಾನನಾದ

“ಇಂಗ್ಲಿಷ್ ಪದ ಬಂದರೆ ಏನಪ್ಪಾ ನಿನ್ನ ಗಂಟು ಹೋಯಿತು?” ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಾನು ಕೂರುವ ಕುರ್ಚಿ ಅರಬ್ಬಿ ಮೂಲದ್ದು. ಬಟ್ಟೆ ಇಡುವ ಅಲಮಾರು ಪೋರ್ಚುಗೀಸರ ಕಡೆಯಿಂದ ಬಂದದ್ದು. ವಕೀಲ, ಅರ್ಜಿ, ತಾರೀಖು ಇಲ್ಲದೆ ನಮ್ಮ ಕೋರ್ಟು ಒಂದು ದಿನವೂ ನಡೆಯಲ್ಲ. ಬಸ್ಸು, ರೈಲು, ಆಸ್ಪತ್ರೆ, ಪೆನ್ನು ಎಲ್ಲವನ್ನೂ ಕನ್ನಡ ಬಾಗಿಲು ತೆರೆದು ಕರೆಯಿತು, ಕೊನೆಗೊಂದು ಸ್ವರ ಅಂಟಿಸಿ ಮನೆಮಗನನ್ನಾಗಿ ಮಾಡಿಕೊಂಡಿತು. ಅದರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಅಂದಹಾಗೆ ‘ತಕರಾರು’ ಕೂಡ ಹೊರಗಿನದ್ದೇ!

ಆ ಪದಗಳು ಬಂದಾಗ ಜೊತೆಯಲ್ಲಿ ಏನನ್ನೋ ತಂದವು. ಅಲಮಾರಿನ ಜೊತೆ ಅಲಮಾರು ಬಂತು, ಬಸ್ಸಿನ ಜೊತೆ ಬಸ್ಸು ಬಂತು. ಈ ‘ಅನ್‌ಕಂಫರ್ಟಬಲ್’ ಏನು ತಂದಿತು? ಕಾಲು ಕಚ್ಚುವ ಚಪ್ಪಲಿ ನಮ್ಮಲ್ಲಿ ಮೊದಲೇ ಇತ್ತು. ಅಜೀರ್ಣವೂ ಇತ್ತು, ಅಧಿಕಪ್ರಸಂಗಿ ನೆಂಟರೂ ಇದ್ದರು. ಅವಕ್ಕೆಲ್ಲ ಒಂದೊಂದು ಹೆಸರೂ ಇತ್ತು. ಬಾಡಿಗೆಗೆ ಬಂದವನು ಮನೆಯಲ್ಲಿದ್ದ ಹತ್ತು ಜನರನ್ನು ಹೊರಗೆ ಹಾಕಿ ಚಿಲಕ ಹಾಕಿಕೊಂಡ ಹಾಗಾಯಿತು.

ಇನ್ನೊಂದು ತಮಾಷೆ ನೋಡಿ. ಇಂಗ್ಲಿಷರೇ ಹೀಗೆ ಮಾತಾಡುವುದಿಲ್ಲ. ಅವರಲ್ಲಿ ‘ಸೋರ್’ ಇದೆ, ‘ಸ್ಟಿಫ್’ ಇದೆ, ‘ಇಚಿ’ ಇದೆ, ‘ಆಕ್ವರ್ಡ್’ ಇದೆ, ‘ಎಂಬರಾಸ್ಡ್’ ಇದೆ. ಅವರು ಹತ್ತು ಪದಗಳ ನಡುವೆ ಒಂದಾಗಿ ಇದನ್ನು ಬಳಸುತ್ತಾರೆ. ನಾವು ಅವರ ಅಂಗಡಿಯಿಂದ ಒಂದೇ ಒಂದು ಸಾಮಾನು ತಂದು, ನಮ್ಮ ಅಂಗಡಿಯನ್ನೇ ಮುಚ್ಚಿಬಿಟ್ಟೆವು. ಆ ‘ಕಂಫರ್ಟ್’ ಅನ್ನುವ ಪದದ ಬೇರು ಲ್ಯಾಟಿನ್ನಿನಲ್ಲಿದೆ. ಅಲ್ಲಿ ‘ಫೋರ್ಟಿಸ್’ ಅಂದರೆ ಬಲಶಾಲಿ. ಒಬ್ಬನಿಗೆ ಬಲ ತುಂಬುವುದು, ಧೈರ್ಯ ಹೇಳುವುದು ಅದರ ಹಳೆಯ ಅರ್ಥ. ಮೆತ್ತನೆ ಸೋಫಾ, ತಣ್ಣನೆ ಕೋಣೆ ಎಂಬ ಅರ್ಥ ಬಂದದ್ದು ಆಮೇಲೆ. ಬಲ ಕೊಡಬೇಕಾದ ಪದ ನಮ್ಮಲ್ಲಿಗೆ ಬರುವ ಹೊತ್ತಿಗೆ ನಮ್ಮ ಮಾತಿನ ಬಲವನ್ನೇ ತೆಗೆಯಿತು.

ಮೈ ಮಾತಾಡುವ ಕನ್ನಡ

ಸ್ವಲ್ಪ ಲೆಕ್ಕ ಹಾಕೋಣ. ಚಪ್ಪಲಿ ಕಚ್ಚುತ್ತದೆ. ಅಂಗಿಯ ಕಾಲರು ಒತ್ತುತ್ತದೆ. ರವಿಕೆಯ ತೋಳು ಬಿಗಿಯುತ್ತದೆ. ಉಣ್ಣೆಯ ಶಾಲು ಚುಚ್ಚುತ್ತದೆ. ಬೆವರಿದ ಮೈ ಅಂಟಂಟಾಗುತ್ತದೆ. ಮಳೆಗೆ ಮುಂಚೆ ಸೆಕೆ, ಬೇಸಿಗೆಯ ಮಧ್ಯಾಹ್ನ ಧಗೆ. ಹಾಸಿಗೆ ಬದಲಾದರೆ ಕತ್ತು ಉಳುಕುತ್ತದೆ, ಇಡೀ ರಾತ್ರಿ ಬಸ್ಸಿನಲ್ಲಿ ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ, ಕಾಲು ಮಡಿಚಿ ಕೂತರೆ ಜೋಮು ಹಿಡಿಯುತ್ತದೆ. ಜ್ವರ ಬರುವ ಮುಂಚೆ ಮೈ ಭಾರ, ಬಂದಾಗ ಮೈಕೈ ನೋವು, ಬಿಟ್ಟಮೇಲೆ ಸುಸ್ತು.

ಹೊಟ್ಟೆ ಒಂದನ್ನೇ ತೆಗೆದುಕೊಳ್ಳಿ. ಉಬ್ಬರ ಬೇರೆ, ತೊಳಸು ಬೇರೆ, ನುಲಿತ ಬೇರೆ, ಉರಿ ಬೇರೆ. ಹುಳಿತೇಗು ಬಂದರೆ ಒಂದು ಕಾರಣ, ಗುಡುಗುಡು ಅಂದರೆ ಇನ್ನೊಂದು ಕಾರಣ. “ಹೊಟ್ಟೆ ತೊಳಸುತ್ತೆ” ಅಂದ ಕೂಡಲೇ ಅಜ್ಜಿ ನಿಂಬೆಹಣ್ಣು ಹುಡುಕುತ್ತಿದ್ದಳು. “ಹೊಟ್ಟೆ ಉಬ್ಬರ” ಅಂದರೆ ಓಮದ ಡಬ್ಬಿಗೆ ಕೈಹಾಕುತ್ತಿದ್ದಳು. ಮೊಮ್ಮಗ ಬಂದು “ಅಜ್ಜೀ, ಅನ್‌ಕಂಫರ್ಟಬಲ್ ಆಗ್ತಿದೆ” ಅಂದರೆ ಪಾಪ ಯಾವ ಡಬ್ಬಿ ತೆಗೆಯಬೇಕು?

ಇದು ಅಡುಗೆಮನೆಯ ಮಾತಾಯಿತು ಅಂತ ತಳ್ಳಿಹಾಕಬೇಡಿ. ದೊಡ್ಡ ದೊಡ್ಡ ಡಾಕ್ಟರುಗಳ ಮಾತನ್ನೇ ಹೇಳುತ್ತೇನೆ. ಕೆನಡಾ ದೇಶದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಮೆಲ್ಜಾಕ್ ಅನ್ನುವ ವಿಜ್ಞಾನಿ ಇದ್ದರು. ನೋವು ಅಂದರೆ ಬರೀ ಹೆಚ್ಚು ಕಮ್ಮಿ ಅಲ್ಲ, ನೋವಿನಲ್ಲಿ ಜಾತಿಗಳಿವೆ ಅಂತ ಅವರು ರೋಗಿಗಳು ಆಡುವ ಪದಗಳನ್ನೇ ಕೂಡಿಹಾಕಿದರು. ೧೯೭೫ರಲ್ಲಿ ಅದೊಂದು ಪ್ರಶ್ನಾವಳಿಯಾಗಿ ಹೊರಬಂತು. ಅದರಲ್ಲಿ ೭೮ ಪದಗಳು, ೨೦ ಗುಂಪುಗಳು. ಮಿಡಿಯುವ ನೋವು, ಚುಚ್ಚುವ ನೋವು, ಉರಿಯುವ ನೋವು, ಹಿಂಡುವ ನೋವು, ಹೀಗೆ. ಇವತ್ತಿಗೂ ಜಗತ್ತಿನ ನೋವು ಚಿಕಿತ್ಸೆಯವರು ಅದನ್ನು ಬಳಸುತ್ತಾರೆ. ಯಾಕೆ? ನರದ ನೋವು ಉರಿಯುತ್ತದೆ, ಷಾಕ್ ಹೊಡೆದ ಹಾಗೆ ಸಿಡಿಯುತ್ತದೆ. ಕರುಳಿನ ನೋವು ನುಲಿಯುತ್ತದೆ, ಬಂದು ಬಂದು ಹೋಗುತ್ತದೆ. ರೋಗಿಯ ಪದವೇ ಡಾಕ್ಟರಿಗೆ ಮೊದಲ ದಾರಿದೀಪ.

ಸಕ್ಕರೆ ಕಾಯಿಲೆಯವರನ್ನು ಕೇಳಿ. “ಅಂಗಾಲು ಉರೀತದೆ, ಇರುವೆ ಹರಿದಾಡಿದಂಗೆ ಆಗ್ತದೆ” ಅನ್ನುತ್ತಾರೆ. ಹಳ್ಳಿಯವರ ಮಾತು ಅಂತ ನಗುವ ವಿದ್ಯಾವಂತರಿಗೆ ಒಂದು ಸುದ್ದಿ. ವೈದ್ಯಶಾಸ್ತ್ರದಲ್ಲಿ ಆ ಅನುಭವಕ್ಕೆ ‘ಫಾರ್ಮಿಕೇಷನ್’ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ‘ಫಾರ್ಮಿಕಾ’ ಅಂದರೆ ಏನು ಗೊತ್ತೇ? ಇರುವೆ! ಸಾವಿರಾರು ಮೈಲಿ ಆಚೆಯ ಪಂಡಿತರಿಗೂ ನಮ್ಮ ಹಳ್ಳಿಯ ತಾಯಿಗೂ ಒಂದೇ ಇರುವೆ ಹೊಳೆಯಿತು.

ಹೃದಯದ ನೋವಿಗೆ ‘ಆಂಜೈನಾ’ ಅಂತಾರಲ್ಲ, ಆ ಹೆಸರನ್ನು ಇಂಗ್ಲೆಂಡಿನ ವಿಲಿಯಂ ಹೆಬರ್ಡನ್ ಎಂಬ ವೈದ್ಯ ೧೭೬೮ರಲ್ಲಿ ವಿದ್ವಾಂಸರ ಮುಂದೆ ಮಂಡಿಸಿದ. ಅದರ ಮೂಲದಲ್ಲಿ ಇರುವ ಅರ್ಥ ಕತ್ತು ಹಿಸುಕುವುದು, ಬಿಗಿಯುವುದು. ಅವನು ರೋಗಿಗಳ ಬಾಯಿಮಾತನ್ನು ಕೇಳಿಸಿಕೊಂಡು ಹೆಸರಿಟ್ಟ.

ಈಗ ನಮ್ಮ ಊರಿನ ಆಸ್ಪತ್ರೆಗೆ ಬನ್ನಿ. ಹಳ್ಳಿಯಿಂದ ಬಂದ ತಾಯಿಯನ್ನು ಪಟ್ಟಣದ ಮಗ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ. ತಾಯಿ ಹೇಳುತ್ತಾಳೆ: “ಎದೆ ಮೇಲೆ ಗುಂಡುಕಲ್ಲು ಇಟ್ಟಂಗೆ ಆಗ್ತದೆ ಕಣಪ್ಪಾ. ಎಡಗೈ ಸೋಲ್ತದೆ. ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ತದೆ.” ಎದುರಿಗೆ ಕನ್ನಡ ಬಾರದ ಕಿರಿಯ ಡಾಕ್ಟರು. ಮಗ ತರ್ಜುಮೆ ಮಾಡುತ್ತಾನೆ: “ಷಿ ಈಸ್ ಫೀಲಿಂಗ್ ಅನ್‌ಕಂಫರ್ಟಬಲ್.” ಎದೆಯ ಮೇಲಿನ ಕಲ್ಲು ಎಲ್ಲಿ ಹೋಯಿತು? ಎಡಗೈ ಎಲ್ಲಿ ಹೋಯಿತು? ಮೆಟ್ಟಿಲು ಎಲ್ಲಿ ಹೋಯಿತು? ಹೃದಯಾಘಾತ ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದು ಬೀಳುವುದೇ ಆಗಿರಬೇಕೆಂದಿಲ್ಲ. ಎಷ್ಟೋ ಜನರಿಗೆ ಅದು ಭಾರವಾಗಿ, ಬಿಗಿತವಾಗಿ ಬರುತ್ತದೆ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಬರೀ ಉಸಿರಾಟದ ತೊಂದರೆ, ಸುಸ್ತು, ವಾಕರಿಕೆಯಾಗಿಯೂ ಬರಬಹುದು. ತಾಯಿ ಮೂರು ವಾಕ್ಯದಲ್ಲಿ ಕೊಟ್ಟ ಸುಳಿವನ್ನು ಮಗನ ಒಂದು ಪದ ನುಂಗಿಹಾಕಿತು. ಬಂಧುಗಳೇ, ಭಾಷೆಯ ಪ್ರಶ್ನೆ ಅಂದರೆ ಬರೀ ಅಭಿಮಾನದ ಪ್ರಶ್ನೆ ಅಂದುಕೊಂಡಿದ್ದೀರಾ? ಇಲ್ಲಿ ಅದು ಜೀವದ ಪ್ರಶ್ನೆ.

ಸಂಕೋಚ ಬೇರೆ, ದಾಕ್ಷಿಣ್ಯ ಬೇರೆ

ಮೈಯಿಂದ ಮನಸ್ಸಿಗೆ ಬರೋಣ. ಹೊಸಬರ ಮನೆಯಲ್ಲಿ ಎರಡನೇ ಸಲ ಅನ್ನ ಬಡಿಸಿಕೊಳ್ಳಲು ಸಂಕೋಚ. ಎಲ್ಲರೆದುರು ಹೊಗಳಿದರೂ ಮುಜುಗರ, ಬೈದರೂ ಮುಜುಗರ. ಗಂಡಹೆಂಡತಿ ಜಗಳದ ನಡುವೆ ಸಿಕ್ಕಿಹಾಕಿಕೊಂಡ ನೆಂಟನಿಗೆ ಇರಿಸುಮುರಿಸು. ತಪ್ಪು ನಡೆಯುತ್ತಿದೆ ಅಂತ ಗೊತ್ತಿದ್ದೂ ಬಾಯಿಬಿಡಲಾಗದವನಿಗೆ ಕಸಿವಿಸಿ. ಸಾಹೇಬರ ಕೋಣೆಗೆ ಕಾಲಿಡುವಾಗ ಅಳುಕು. ಹಳೆಯ ಜಗಳದ ನಂತರ ಮೊದಲ ಮಾತು ಯಾರು ಆಡಬೇಕು ಅನ್ನುವಲ್ಲಿ ಬಿಗುಮಾನ. ಇಬ್ಬರಿಗೂ ಬೇಕಾದವನಾಗಿ ನಡುವೆ ನಿಂತವನಿಗೆ ಪೀಕಲಾಟ.

ಇನ್ನು ದಾಕ್ಷಿಣ್ಯ! “ದಾಕ್ಷಿಣ್ಯಕ್ಕೆ ಬಿದ್ದು ಜಾಮೀನು ಹಾಕಿದೆ” ಅಂದವನ ಕಷ್ಟ ನಿಮಗೆ ತಕ್ಷಣ ಅರ್ಥವಾಗುತ್ತದೆ. ಅದನ್ನು ಒಂದು ಇಂಗ್ಲಿಷ್ ಪದದಲ್ಲಿ ಹೇಳಿ ನೋಡೋಣ. ಸಂಕೋಚವಿದ್ದವನಿಗೆ ಉಪಚಾರ ಮಾಡಬೇಕು, ಅಳುಕಿದವನಿಗೆ ಧೈರ್ಯ ಹೇಳಬೇಕು, ದಾಕ್ಷಿಣ್ಯಕ್ಕೆ ಬಿದ್ದವನಿಗೆ “ಬೇಡ ಅನ್ನೋದು ಕಲಿ” ಅನ್ನಬೇಕು. ಹೆಸರು ಬೇರೆಯಾದರೆ ಮದ್ದೂ ಬೇರೆ.

ನಾಡಿನ ಒಂದೊಂದು ಮೂಲೆಯದ್ದೂ ಒಂದೊಂದು ರುಚಿ. ಧಾರವಾಡ, ಬೆಳಗಾವಿ ಕಡೆ “ಭಾಳ ತ್ರಾಸ ಆಗ್ತೈತ್ರಿ” ಅನ್ನುತ್ತಾರೆ. ಮಂಗಳೂರು, ಉಡುಪಿಯವರಿಗೆ “ಉಪದ್ರ”. ಮೈಸೂರು, ಮಂಡ್ಯ ಸೀಮೆಯಲ್ಲಿ “ಹಿಂಸೆ ಆಯ್ತದೆ”. ತ್ರಾಸ, ಉಪದ್ರ, ಹಿಂಸೆ ಇವುಗಳನ್ನು ಮೈಗೂ ಹೇಳಬಹುದು, ಮನಸ್ಸಿಗೂ ಹೇಳಬಹುದು. ಹಾಗಾದರೆ “ಎಲ್ಲಕ್ಕೂ ಸಲ್ಲುವ ಒಂದು ಪದ ಬೇಕು, ಅದಕ್ಕೇ ಇಂಗ್ಲಿಷ್” ಅನ್ನುವ ವಾದ ಎಲ್ಲಿ ನಿಂತಿತು?

ಅಷ್ಟೇ ಅಲ್ಲ. ಎಲ್ಲರ ಬಾಯಲ್ಲೂ ಇರುವ ಇನ್ನೊಂದು ಪದವಿದೆ, ‘ಒಂಥರಾ’. “ಒಂಥರಾ ಆಗ್ತಿದೆ” ಅನ್ನದ ಕನ್ನಡಿಗ ಉಂಟೇ? ಆ ‘ಥರಾ’ ಕೂಡ ‘ತರಹ’ದಿಂದ ಬಂದದ್ದು, ಅದೂ ಹೊರಗಿನ ಸರಕೇ. ಇರಲಿ, ಅದು ನಮ್ಮದಾಗಿದೆ. ‘ಒಂಥರಾ’ ಅಂದ ಕೂಡಲೇ ಎದುರಿನವರು ಏನು ಮಾಡುತ್ತಾರೆ? “ಒಂಥರಾ ಅಂದ್ರೆ ಯಾವ ಥರಾ?” ಅಂತ ಕೇಳುತ್ತಾರೆ. ಮಾತು ಬೆಳೆಯುತ್ತದೆ, ಒಳಗಿದ್ದದ್ದು ಹೊರಗೆ ಬರುತ್ತದೆ. ‘ಅನ್‌ಕಂಫರ್ಟಬಲ್’ ಅಂದಾಗ ಹಾಗೆ ಯಾರೂ ಕೇಳುವುದಿಲ್ಲ. “ಓಹೋ, ಓಕೆ ಓಕೆ” ಅಂತ ತಲೆಯಾಡಿಸಿ ಸುಮ್ಮನಾಗುತ್ತಾರೆ. ಅರ್ಥವಾಗಿ ಅಲ್ಲ, ಇಂಗ್ಲಿಷ್ ಬಂತಲ್ಲ ಅಂತ!

ಹೆಣ್ಣುಮಕ್ಕಳು ಯಾಕೆ ಆ ಪದ ಹಿಡಿದರು?

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ನಮ್ಮ ಹೋರಾಟದ ಗಂಡಸರು ಇದನ್ನು ಗಮನವಿಟ್ಟು ಕೇಳಬೇಕು.

ಒಬ್ಬ ಹುಡುಗಿ ಕಚೇರಿಯಲ್ಲಿ ಮೇಲಧಿಕಾರಿಯ ಕಾಟ ತಾಳಲಾರದೆ “ನಂಗೆ ಅನ್‌ಕಂಫರ್ಟಬಲ್ ಆಗುತ್ತೆ” ಅನ್ನುತ್ತಾಳೆ. ಅವಳಿಗೆ ಕನ್ನಡದ ಮೇಲೆ ದ್ವೇಷವೇ? ಅಲ್ಲ. ಕನ್ನಡದಲ್ಲಿ ನಾವು ಅವಳಿಗೆ ಕೊಟ್ಟ ಪದಗಳು ಯಾವುವು? ನಾಚಿಕೆ. ಮಾನ. ಮರ್ಯಾದೆ. ಅವಳು “ನಾಚಿಕೆ ಆಗುತ್ತೆ” ಅಂದರೆ “ನೀನೇನು ಮಾಡಿದೆ ನಾಚಿಕೆ ಪಡೋಕೆ?” ಅನ್ನುತ್ತಾರೆ. “ಸಂಕೋಚ ಆಗುತ್ತೆ” ಅಂದರೆ “ಅದೇ ಅಲ್ವಾ ಹೆಣ್ಣಿಗೆ ಭೂಷಣ” ಅಂದುಬಿಡುತ್ತಾರೆ. “ಮುಜುಗರ” ಅಂದರೆ “ಹೊಂದಿಕೊಂಡು ಹೋಗಮ್ಮ” ಅನ್ನುತ್ತಾರೆ. ತಪ್ಪು ಮಾಡಿದವನು ಎಲ್ಲಿಯೋ, ತಲೆ ತಗ್ಗಿಸಬೇಕಾದವಳು ಇವಳು. ಆ ಇಂಗ್ಲಿಷ್ ಪದದಲ್ಲಿ ಅವಳಿಗೆ ಕಳಂಕ ಅಂಟುವುದಿಲ್ಲ. ಅದಕ್ಕೇ ಅದನ್ನು ಕೊಡೆಯ ಹಾಗೆ ಹಿಡಿದಿದ್ದಾಳೆ. ಮಳೆಯಲ್ಲಿ ನಿಂತವಳ ಕೈಯಿಂದ ಕೊಡೆ ಕಿತ್ತುಕೊಂಡು “ಇದು ಪರದೇಶಿ ಕೊಡೆ” ಅಂತ ಭಾಷಣ ಮಾಡುವುದು ಕನ್ನಡದ ಕೆಲಸವಲ್ಲ.

ಆದರೆ ಆ ಕೊಡೆಯೂ ತೂತು ಬಿದ್ದದ್ದೇ, ಅದನ್ನೂ ಹೇಳಬೇಕು. “ಅನ್‌ಕಂಫರ್ಟಬಲ್ ಆಯಿತು” ಅಂದರೆ ಯಾರು, ಏನು, ಯಾವಾಗ ಮಾಡಿದರು ಅನ್ನುವುದು ಮುಚ್ಚಿಹೋಗುತ್ತದೆ. ಚಪ್ಪಲಿಗೆ ಹೇಳಿದ್ದನ್ನೇ ಅವನಿಗೂ ಹೇಳಿದರೆ ಅವನ ಅಪರಾಧ ಚಪ್ಪಲಿಯ ಅಪರಾಧದಷ್ಟೇ ಆಗುತ್ತದೆ. ನಮ್ಮ ವ್ಯಾಕರಣದಲ್ಲೂ ಒಂದು ಸಂದು ಇದೆ. “ನನಗೆ ಹಿಂಸೆಯಾಯಿತು” ಅಂದರೆ ಮಳೆ ಬಂದ ಹಾಗೆ ಹಿಂಸೆ ತಾನಾಗಿ ಬಂತು, ಮಾಡಿದವನು ಕಾಣುವುದೇ ಇಲ್ಲ. “ಅವನು ನನಗೆ ಹಿಂಸೆ ಕೊಟ್ಟ” ಅಂದರೆ ಕರ್ತೃ ಸಿಕ್ಕಿಬೀಳುತ್ತಾನೆ! “ಅವನು ಮುಟ್ಟಿದ. ನನಗೆ ಇಷ್ಟವಿರಲಿಲ್ಲ. ಬೇಡ ಅಂದೆ.” ಇಷ್ಟು ಕನ್ನಡ ಸಾಕು.

ಕಾನೂನೂ ಇದನ್ನೇ ಕೇಳುತ್ತದೆ. ೧೯೯೭ರಲ್ಲಿ ಸುಪ್ರೀಂ ಕೋರ್ಟು ವಿಶಾಖಾ ತೀರ್ಪು ಕೊಟ್ಟಿತು. ೨೦೧೩ರಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ ಸಂಸತ್ತು ಕಾಯ್ದೆಯನ್ನೇ ಮಾಡಿತು. ಆ ಕಾಯ್ದೆಯ ಜೀವ ಇರುವುದು ಒಂದು ಮಾತಿನಲ್ಲಿ: ಆ ನಡತೆ ಆ ಹೆಣ್ಣಿಗೆ ಬೇಡವಾದದ್ದೇ? ಅವಳು ನಾಚಿದಳೇ, ಸಂಕೋಚಪಟ್ಟಳೇ ಅಂತ ಕಾಯ್ದೆ ಕೇಳುವುದಿಲ್ಲ. ‘ಬೇಡ’ ಅನ್ನುವುದು ಅಚ್ಚಗನ್ನಡ ಪದ, ಎರಡೇ ಅಕ್ಷರ. ಅದನ್ನು ನಮ್ಮ ಹೆಣ್ಣುಮಕ್ಕಳು ಗಟ್ಟಿಯಾಗಿ ಹೇಳಿದಾಗ ಕೇಳಿಸಿಕೊಳ್ಳುವ ಕಿವಿ ನಮಗಿದೆಯೇ? ಮೊದಲು ಅದನ್ನು ನೋಡಿಕೊಳ್ಳೋಣ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯಲು ೨೦೧೨ರ ಪೋಕ್ಸೋ ಕಾಯ್ದೆ ಇದೆ. ಸಹಾಯವಾಣಿ ೧೦೯೮ ಇದೆ. ತಿಳಿವಳಿಕೆ ಕೊಡಲು ಬಂದವರು “ಯಾರಾದರೂ ಮುಟ್ಟಿ ಅನ್‌ಕಂಫರ್ಟಬಲ್ ಆದರೆ ಟೀಚರಿಗೆ ಹೇಳಿ” ಅಂದರೆ ಸರ್ಕಾರಿ ಶಾಲೆಯ ಮೂರನೇ ಕ್ಲಾಸಿನ ಕೂಸಿಗೆ ಏನು ತಿಳಿಯಿತು? ಆ ಪದ ಅದರ ಮನೆಯಲ್ಲೇ ಇಲ್ಲ. “ಯಾರಾದರೂ ಮುಟ್ಟಿದಾಗ ನಿನಗೆ ಹೆದರಿಕೆ ಆದರೆ, ಅಸಹ್ಯ ಅನಿಸಿದರೆ, ಯಾರಿಗೂ ಹೇಳಬೇಡ ಅಂತ ಅವರು ಅಂದರೆ, ಬಂದು ಹೇಳು. ತಪ್ಪು ನಿನ್ನದಲ್ಲ” ಅಂತ ಮಗುವಿನ ಮಾತಿನಲ್ಲಿ ಹೇಳಬೇಕು. ಮೈಯ ಅಂಗಗಳ ಹೆಸರನ್ನು ನಾಚದೆ ಕಲಿಸಬೇಕು. ಹೆಸರು ಗೊತ್ತಿಲ್ಲದ ಮಗು ದೂರು ಕೊಡುವುದು ಹೇಗೆ?

ಮಾಡಬೇಕಾದದ್ದು ಏನು?

ಕನ್ನಡದಲ್ಲಿ ಇದು ಆಗದ ಕೆಲಸವೇನಲ್ಲ. ಡಾ. ಅನುಪಮಾ ನಿರಂಜನ ಹೆಂಗಸರ ಮೈಯ ಕಷ್ಟಸುಖಗಳನ್ನು ಕನ್ನಡದಲ್ಲಿ, ಸಾಮಾನ್ಯ ಗೃಹಿಣಿಗೂ ತಿಳಿಯುವ ಹಾಗೆ ಬರೆದರು. ‘ತಾಯಿ-ಮಗು’ ಎಷ್ಟು ಮನೆಗಳಿಗೆ ಹೋಯಿತು! ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ತೊಂದರೆಗಳನ್ನು ಕನ್ನಡದಲ್ಲಿ ರಾಶಿ ರಾಶಿ ಪುಸ್ತಕಗಳಲ್ಲಿ ಬಿಡಿಸಿಟ್ಟರು. ೧೮೯೪ರಲ್ಲಿ ಬಂದ ಕಿಟ್ಟೆಲ್ ನಿಘಂಟು ಇದೆ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇದೆ. ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ದಲ್ಲಿ ಓದುಗರು ಕೇಳಿದ ಪದಪದಕ್ಕೂ ಉತ್ತರ ಕೊಟ್ಟರು. ಪದಗಳು ಕಪಾಟಿನಲ್ಲಿ ಭದ್ರವಾಗಿವೆ. ನಾಲಿಗೆಗೆ ಬರಬೇಕು, ಅಷ್ಟೆ.

ಅದಕ್ಕೆ ಮೂರು ಕೆಲಸ ಹೇಳುತ್ತೇನೆ. ಒಂದು, ಮನೆಯಲ್ಲಿ ಮಗನೋ ಮಗಳೋ ಆ ಪದ ಆಡಿದಾಗ ಗದರಬೇಡಿ, ಗೇಲಿ ಮಾಡಬೇಡಿ. “ಎಲ್ಲಿ ಕಂದಾ? ಹೇಗಾಗ್ತಿದೆ? ಚುಚ್ಚುತ್ತಾ, ಉರಿಯುತ್ತಾ, ಭಯ ಆಗುತ್ತಾ?” ಅಂತ ಕೇಳಿ. ಮೂರು ಸಲ ಕೇಳಿದರೆ ನಾಲ್ಕನೇ ಸಲ ಕನ್ನಡವೇ ಬರುತ್ತದೆ.

ಎರಡು, ಆಸ್ಪತ್ರೆಗೆ ಹೋದಾಗ ತಂದೆತಾಯಿಯ ಮಾತನ್ನು ಇದ್ದದ್ದು ಇದ್ದ ಹಾಗೆ ದಾಟಿಸಿ. ಕಲ್ಲು ಇಟ್ಟಂಗೆ ಅಂದರೆ ಕಲ್ಲು ಅನ್ನಿ, ಇರುವೆ ಹರಿದಂಗೆ ಅಂದರೆ ಇರುವೆ ಅನ್ನಿ. ಕರ್ನಾಟಕದಲ್ಲಿ ರೋಗಿ ನೋಡುವ ಡಾಕ್ಟರು, ನರ್ಸು ರೋಗಿಯ ನೋವನ್ನು ಕೇಳಿ ತಿಳಿಯುವಷ್ಟು ಕನ್ನಡ ಕಲಿಯಲೇಬೇಕು ಅಂತ ಒತ್ತಾಯಿಸಿ. ಬೋರ್ಡಿಗಿಂತ ಮೊದಲು ಕೇಳಬೇಕಾದ ಹಕ್ಕು ಇದು.

ಮೂರು, ನಮ್ಮ ಸಂಘಟನೆಗಳ ಹುಡುಗರು ಶಾಲೆಗೆ ಹೋಗಿ ಬಾವುಟ ಹಾರಿಸಿ ಸಿಹಿ ಹಂಚಿ ಬಂದರೆ ಸಾಲದು. ಅಲ್ಲಿನ ಟೀಚರಮ್ಮನ ಜೊತೆ ಕೂತು, ಆ ಊರಿನ ಮಕ್ಕಳ ಬಾಯಲ್ಲಿರುವ ಪದಗಳನ್ನೇ ಒಂದು ಹಾಳೆಯಲ್ಲಿ ಬರೆಸಿ ಗೋಡೆಗೆ ಅಂಟಿಸಿ. ಮೈಗೆ ಏನಾದರೆ ಏನನ್ನಬೇಕು, ಮನಸ್ಸಿಗೆ ಏನಾದರೆ ಏನನ್ನಬೇಕು, ಯಾರಾದರೂ ಕಾಟ ಕೊಟ್ಟರೆ ಹೇಗೆ ಹೇಳಬೇಕು. ಬೀದರಿನ ಹಾಳೆ ಬೇರೆಯಿರಲಿ, ಕೊಡಗಿನ ಹಾಳೆ ಬೇರೆಯಿರಲಿ.

ಇಷ್ಟು ಹೊತ್ತು ಓದಿದ್ದೀರಿ. ಈ ಪತ್ರಿಕೆ ಮಡಿಚಿಡುವ ಮುಂಚೆ ಪಕ್ಕದಲ್ಲಿ ಕೂತಿರುವ ಹಿರಿಯರನ್ನೊಮ್ಮೆ ಕೇಳಿ: “ಮೈಗೆ ಹೇಗಿದೆ?” ‘ಫೈನ್’ ಅನ್ನಲಾರರು. ಅವರು ಹೇಳುವ ಪದವನ್ನು ಪೂರ್ತಿ ಕೇಳಿಸಿಕೊಳ್ಳಿ.